ಬನ್ನಿ ಮತ್ತು ಖರ್ಜೂರ: ಒಂದೇ ಮರಳಿನಲ್ಲಿ ಎರಡು ಮರ

ದುಬೈನಿಂದ ಅಲ್ ಐನ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನೀವು ಒಮ್ಮೆಯಾದರೂ ಹೋಗಿರ್ತೀರಿ. ಊರಿಂದ ಅಪ್ಪ ಅಮ್ಮ ಬಂದಾಗ ಜಬೆಲ್ ಹಫೀತ್ ಬೆಟ್ಟ ತೋರಿಸೋಕೆ ಅಂತಾದರೂ ಹೋಗಿರ್ತೀರಿ. ಮುಂದಿನ ಸಲ ಹೋದಾಗ ಕಿಟಕಿಯ ಆಚೆ ಸ್ವಲ್ಪ ಗಮನ ಕೊಡಿ. ಎರಡು ಬಗೆಯ ಮರಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಒಂದು ಸಾಲಾಗಿ, ಶಿಸ್ತಾಗಿ, ಶಾಲೆಯ ಅಸೆಂಬ್ಲಿಯಲ್ಲಿ ನಿಂತ ಮಕ್ಕಳ ಹಾಗೆ ನಿಂತಿರುತ್ತದೆ. ಅದರ ಬುಡಕ್ಕೆ ಕಪ್ಪು ನೀರಿನ ಪೈಪ್ ಬಂದಿರುತ್ತದೆ. ಅದು ಖರ್ಜೂರ, ನಿಮಗೆ ಗೊತ್ತೇ ಇದೆ. ಇನ್ನೊಂದು ಮರಳಿನ ದಿಬ್ಬದ ಮೇಲೆ ಒಂಟಿಯಾಗಿಯೋ ನಾಲ್ಕೈದರ ಗುಂಪಿನಲ್ಲೋ ಇರುತ್ತದೆ. ಬೂದು ಹಸಿರು ಬಣ್ಣ, ಜೋಲುವ ಕೊಂಬೆ. ಕೆಳಭಾಗ ಮಾತ್ರ ಯಾರೋ ಕತ್ತರಿ ಹಿಡಿದು ಸಮ ಮಾಡಿದ ಹಾಗಿರುತ್ತದೆ. ಆ ಕತ್ತರಿ ಒಂಟೆಯ ಬಾಯಿ. ಕುತ್ತಿಗೆ ಎಷ್ಟು ಎತ್ತರಕ್ಕೆ ಹೋಗುತ್ತದೋ ಅಷ್ಟು ತಿಂದುಬಿಡುತ್ತದೆ.

ಈ ಎರಡನೇ ಮರಕ್ಕೆ ಇಲ್ಲಿನವರು ಘಾಫ್ ಅಂತಾರೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಪ್ರೊಸೊಪಿಸ್ ಸಿನೆರೇರಿಯಾ. ರಾಜಸ್ಥಾನದಲ್ಲಿ ಖೇಜ್ಡಿ, ತೆಲುಗಿನಲ್ಲಿ ಜಮ್ಮಿ, ಸಂಸ್ಕೃತದಲ್ಲಿ ಶಮೀ. ಕನ್ನಡದಲ್ಲಿ ಬನ್ನಿ.

ಹೌದು, ಅದೇ ಬನ್ನಿ. ದಸರೆಯ ಜಂಬೂ ಸವಾರಿ ಮೈಸೂರು ಅರಮನೆಯಿಂದ ಹೊರಟು ಹೋಗಿ ಸೇರುವ ಜಾಗಕ್ಕೆ ಬನ್ನಿಮಂಟಪ ಅಂತಾರಲ್ಲ, ಆ ಬನ್ನಿ. ವಿಜಯದಶಮಿಯ ಸಂಜೆ ಉತ್ತರ ಕರ್ನಾಟಕದಲ್ಲಿ ಹಿರಿಯರ ಕೈಗೆ ಎಲೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿ, ಬನ್ನಿ ತಗೊಂಡು ಬಂಗಾರದಂಗ ಇರೋಣು ಅಂತಾರಲ್ಲ, ಆ ಬನ್ನಿ. ಗಣೇಶನ ಪೂಜೆಯ 21 ಪತ್ರೆಗಳಲ್ಲಿ ಒಂದಾದ ಶಮೀಪತ್ರೆಯೂ ಇದೇ. (ಕನ್ನಡ ಈಗ ಕಲೀತಾ ಇರೋರಿಗೆ ಒಂದು ಮಾತು: ಸಂಘದ ಆಮಂತ್ರಣದಲ್ಲಿ "ಎಲ್ಲರೂ ಬನ್ನಿ" ಅಂತ ಬರೆದಿರುತ್ತಲ್ಲ, ಆ ಬನ್ನಿಗೂ ಈ ಮರಕ್ಕೂ ಸಂಬಂಧ ಇಲ್ಲ. ಬರೆಯೋದು ಮಾತ್ರ ಒಂದೇ ಥರ.)

ಕರ್ನಾಟಕದ ಕೆಲವು ಕಡೆ ಜಾಲಿ ಜಾತಿಯ ಬೇರೆ ಮರಕ್ಕೂ ಬನ್ನಿ ಎನ್ನುತ್ತಾರೆ. ಆದರೆ ಒಣ ಸೀಮೆಯ ಹೊಲಗಳ ಬದುವಿನಲ್ಲಿ ನಿಲ್ಲುವ ನಿಜವಾದ ಬನ್ನಿ ಮತ್ತು ಅಬುಧಾಬಿಯ ಮರಳಿನ ಘಾಫ್, ಇವೆರಡೂ ಒಂದೇ ಪ್ರಭೇದ. ಮರಳುಗಾಡಿಗೆ ಬಂದು ಎಲ್ಲವೂ ಹೊಸತು ಅಂದುಕೊಂಡವರಿಗೆ ಊರಿನ ಮರವೊಂದು ಮೊದಲಿಂದ ಇಲ್ಲೇ ಇತ್ತು. ಯಾರೂ ತಂದು ನೆಟ್ಟದ್ದಲ್ಲ. ಇರಾನ್, ಪಾಕಿಸ್ತಾನ, ರಾಜಸ್ಥಾನ, ದಖ್ಖನ್‌ವರೆಗೆ ಹರಡಿರುವ ಅದರ ಸಹಜ ನೆಲೆಯ ಪಶ್ಚಿಮದ ಅಂಚು ಈ ಅರಬ್ ಮರಳು.

ಈ ಎರಡು ಮರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಈ ದೇಶದ ಕಥೆ ಹೇಳುವಾಗ ಎಲ್ಲರೂ ಒಂಟೆ, ಮುತ್ತು, ಎಣ್ಣೆ ಅಂತ ಹೇಳಿ ಮುಗಿಸ್ತಾರೆ. ನನ್ನ ಪ್ರಕಾರ ನೀರಿನ ಕಥೆ ಅದಕ್ಕಿಂತ ದೊಡ್ಡದು. ಆ ಕಥೆ ಈ ಎರಡು ಮರಗಳ ಬುಡದಲ್ಲೇ ಇದೆ.

ಮೊದಲು ಇವುಗಳ ನಂಟು ಎಷ್ಟು ದೂರದ್ದು ಅಂತ ನೋಡಿ. ಎರಡೂ ಹೂಬಿಡುವ ಸಸ್ಯಗಳು, ಅಷ್ಟೇ. ಏಕದಳ ಮತ್ತು ದ್ವಿದಳ ಎಂದು ನೀವು ಶಾಲೆಯಲ್ಲಿ ಓದಿದ ಎರಡು ಕವಲುಗಳು ಬೇರೆಯಾಗಿ 13 ಕೋಟಿ ವರ್ಷಕ್ಕೂ ಹೆಚ್ಚು ಕಾಲವಾಯಿತು. ಖರ್ಜೂರ ಒಂದು ಕಡೆ, ಘಾಫ್ ಇನ್ನೊಂದು ಕಡೆ. ಅಡುಗೆಮನೆಯ ಲೆಕ್ಕದಲ್ಲಿ ಹೇಳೋದಾದ್ರೆ ಖರ್ಜೂರದ ಬಳಗದಲ್ಲಿ ರಾಗಿ, ಕಬ್ಬು, ಬಾಳೆ, ಅರಿಶಿನ ಬರುತ್ತವೆ. ಘಾಫ್ ಬಳಗದಲ್ಲಿ ಅವರೆ, ತೊಗರಿ, ಹೊಂಗೆ, ಹುಣಸೆ. ಮುದ್ದೆಗೂ ಅವರೆಕಾಳು ಸಾರಿಗೂ ಎಷ್ಟು ರಕ್ತಸಂಬಂಧವೋ ಈ ಎರಡು ಮರಗಳಿಗೂ ಅಷ್ಟೇ. ತಟ್ಟೆಯಲ್ಲಿ ಮಾತ್ರ ಒಟ್ಟಿಗೆ ಇರ್ತವೆ.

ಹುಣಸೆಯ ಹೆಸರು ಬಂತಲ್ಲ, ಅದರಲ್ಲೊಂದು ತಮಾಷೆ ಇದೆ. ಅರಬ್ಬೀ ಭಾಷೆಯಲ್ಲಿ ಒಣಗಿದ ಖರ್ಜೂರದ ಹಣ್ಣಿಗೆ ತಮ್ರ್ ಅಂತಾರೆ. ಭಾರತದ ಕಡೆಯಿಂದ ಬಂದ ಕಂದು ಬಣ್ಣದ ಅಂಟಂಟು ಹುಳಿಹಣ್ಣನ್ನು ಕಂಡ ಅರಬ್ ವ್ಯಾಪಾರಿಗಳು ಅದಕ್ಕೆ ತಮ್ರ್ ಹಿಂದಿ, ಅಂದರೆ ಭಾರತದ ಖರ್ಜೂರ ಎಂದು ಹೆಸರಿಟ್ಟರು. ಇಂಗ್ಲಿಷಿನ ಟ್ಯಾಮರಿಂಡ್ ಹುಟ್ಟಿದ್ದು ಆ ಹೆಸರಿನಿಂದ. ಆದರೆ ಹುಣಸೆಗೆ ಖರ್ಜೂರ ಏನೂ ಆಗಬೇಕಿಲ್ಲ. ಅದು ಘಾಫ್ ಮರದ ದಾಯಾದಿ. ಹೆಸರು ಒಂದು ಕಡೆಗೆ ಹೋಯಿತು, ಕುಲ ಇನ್ನೊಂದು ಕಡೆ ಉಳಿಯಿತು.

ಇನ್ನು ಮೈಕಟ್ಟು. ಖರ್ಜೂರಕ್ಕೆ ಜೀವ ಇರೋದು ಒಂದೇ ಕಡೆ, ನೆತ್ತಿಯ ಸುಳಿಯಲ್ಲಿ. ನಮ್ಮ ತೆಂಗು, ಅಡಿಕೆಯ ಹಾಗೇ. ಸುಳಿ ಹೋದರೆ ಆ ಕಾಂಡ ಹೋಯಿತು. ಘಾಫ್ ಹಾಗಲ್ಲ. ಕಡಿದರೆ ಬುಡದಿಂದ ಚಿಗುರುತ್ತದೆ, ಮೇಯಿಸಿದರೆ ಪಕ್ಕದಿಂದ ಚಿಗುರುತ್ತದೆ, ಮರಳು ಬಂದು ಅರ್ಧ ಮುಚ್ಚಿದರೂ ಮೇಲೆ ಏಳುತ್ತದೆ. ಖರ್ಜೂರದ ಬೇರು ನೀರು ಹಾಯಿಸಿದ ಮಣ್ಣಿನಲ್ಲಿ ಕಟ್ಟುಕಟ್ಟಾಗಿ ಹರಡಿಕೊಳ್ಳುತ್ತದೆ. ಘಾಫ್ ಬೇರು ಅಂತರ್ಜಲ ಹುಡುಕಿಕೊಂಡು 30 ಮೀಟರಿಗೂ ಆಳಕ್ಕೆ ಹೋಗಬಲ್ಲದು. ಸುಮಾರು ಹತ್ತು ಮಹಡಿಯ ಕಟ್ಟಡವನ್ನು ತಲೆಕೆಳಗಾಗಿ ನೆಲದೊಳಗೆ ಇಳಿಸಿದಷ್ಟು ಆಳ. ಅದರ ಸಣ್ಣ ಸಸಿಯೂ ಮೊದಲು ಬೇರು ಇಳಿಸುತ್ತದೆ, ಆಮೇಲೆ ತಲೆ ಎತ್ತುತ್ತದೆ.

ಎರಡೂ ಬೇಸಿಗೆಗೆ ಮುಂಚೆ ಹೂ ಬಿಡುತ್ತವೆ. ಘಾಫ್ ಹೂ ಸಣ್ಣ ಹಳದಿ ತೆನೆ. ಜೇನುನೊಣ ಬರುತ್ತದೆ, ಕೆಲಸ ಮುಗಿಯುತ್ತದೆ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಾಳಿಯನ್ನೇ ನಂಬಿದರೆ ಫಸಲು ಕಡಿಮೆ. ಹಾಗಾಗಿ ಮನುಷ್ಯ ಸಾವಿರಾರು ವರ್ಷಗಳಿಂದ ಗಂಡು ಹೂವಿನ ಎಳೆ ತಂದು ಹೆಣ್ಣು ಗೊನೆಯೊಳಗೆ ಸಿಕ್ಕಿಸುತ್ತಾ ಬಂದಿದ್ದಾನೆ. ಹತ್ತುವವರು ಸೊಂಟಕ್ಕೂ ಮರಕ್ಕೂ ಸೇರಿಸಿ ಕಟ್ಟುವ ಅಗಲದ ಹಗ್ಗಕ್ಕೆ ಇಲ್ಲಿ ಹಾಬೂಲ್ ಅಂತಾರೆ. ನಮ್ಮೂರಲ್ಲಿ ಅಡಿಕೆ ಮರ ಹತ್ತುವವರನ್ನು ನೋಡಿದ್ದರೆ ನಿಮಗೆ ಆ ಭಂಗಿ ಹೊಸದಲ್ಲ. ಈಗ ಇಲ್ಲಿನ ತೋಟಗಳಲ್ಲಿ ಹತ್ತುವವರಲ್ಲಿ ಬಹಳಷ್ಟು ಜನ ದಕ್ಷಿಣ ಏಷ್ಯಾದವರೇ.

ಬೀಜ ನೆಟ್ಟರೆ ಖರ್ಜೂರ ಬರುವುದಿಲ್ಲ ಅಂತಲ್ಲ, ಬರುತ್ತದೆ. ಆದರೆ ಗಂಡೋ ಹೆಣ್ಣೋ ಮೊದಲೇ ಗೊತ್ತಾಗುವುದಿಲ್ಲ, ಹಣ್ಣು ತಾಯಿಯ ಹಾಗೆ ಇರುವುದೂ ಇಲ್ಲ. ಅದಕ್ಕೇ ತಾಯಿ ಮರದ ಬುಡದಲ್ಲಿ ಹುಟ್ಟುವ ಕಂದುಗಳನ್ನು ಬಿಡಿಸಿ ನೆಡುತ್ತಾರೆ, ಬಾಳೆಕಂದು ನೆಟ್ಟ ಹಾಗೆ. ಅಂಗಡಿಯಲ್ಲಿ ನೀವು ಕೊಳ್ಳುವ ಖಲಾಸ್ ಅಥವಾ ಫರ್ದ್ ತಳಿಯ ಒಂದೊಂದು ಮರವೂ ಎಂದೋ ಯಾರೋ ರುಚಿ ನೋಡಿ ಇಷ್ಟಪಟ್ಟ ಒಂದು ಮರದ ಮುಂದುವರಿಕೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾ ಬಂದದ್ದು. ಮನುಷ್ಯ ಕೈಬಿಟ್ಟರೆ ಆ ತಳಿ ಉಳಿಯುವುದಿಲ್ಲ.

ಈ ಕೊಡು-ಕೊಳ್ಳುವಿಕೆ ಎಷ್ಟು ಹಳೆಯದು? ಅಬುಧಾಬಿಗೆ ಸೇರಿದ ದಲ್ಮಾ ದ್ವೀಪದಲ್ಲಿ ಸುಟ್ಟು ಕರಿಕಾದ ಖರ್ಜೂರದ ಬೀಜಗಳು ಸಿಕ್ಕಿವೆ. ವಯಸ್ಸು ಸುಮಾರು 7000 ವರ್ಷ. ಅದೇ ಜಾಗದಲ್ಲಿ ಮೆಸೊಪೊಟೇಮಿಯಾದ, ಅಂದರೆ ಇಂದಿನ ಇರಾಕಿನ ಕಡೆಯ ಮಡಕೆ ಚೂರುಗಳೂ ಸಿಕ್ಕಿವೆ. ಹಾಗಾಗಿ ಆ ಹಣ್ಣು ಅಲ್ಲೇ ಬೆಳೆದದ್ದೋ ದೋಣಿಯಲ್ಲಿ ಬಂದದ್ದೋ ಎಂಬ ಪ್ರಶ್ನೆ ಉಳಿದೇ ಇದೆ. ಕಂಚಿನ ಯುಗದ ಹೊತ್ತಿಗೆ ಅಲ್ ಐನ್ ಹತ್ತಿರದ ಹೀಲಿಯಲ್ಲಿ ಜನ ನೆಲೆ ನಿಂತು ಬೇಸಾಯ ಮಾಡುತ್ತಿದ್ದರು. ಖರ್ಜೂರದ ನೆರಳಿನಲ್ಲಿ ಧಾನ್ಯ ಬೆಳೆಯುತ್ತಿತ್ತು. ಮೇಲೆ ಖರ್ಜೂರ, ನಡುವೆ ಹಣ್ಣಿನ ಗಿಡ, ಕೆಳಗೆ ಮೇವು, ತರಕಾರಿ. ಮಲೆನಾಡಿನ ಅಡಿಕೆ ತೋಟದಲ್ಲಿ ಮೆಣಸು, ಏಲಕ್ಕಿ, ಬಾಳೆ ಒಂದರ ಕೆಳಗೊಂದು ಬೆಳೆದ ಹಾಗೆ.

ಸುಮಾರು 3000 ವರ್ಷಗಳ ಹಿಂದೆ ನೀರು ಕೆಳಗಿಳಿಯಿತು. ಆಗ ಹೀಲಿಯ ಜನ ಮಾಡಿದ್ದು ಫಲಜ್. ಬೆಟ್ಟದ ಬುಡದಲ್ಲಿ ಅಂತರ್ಜಲ ಸಿಗುವವರೆಗೆ ಬಾವಿ ತೋಡಿ, ಅಲ್ಲಿಂದ ನೆಲದೊಳಗೇ ಸ್ವಲ್ಪ ಇಳಿಜಾರಾಗಿ ಸುರಂಗ ಕೊರೆದು, ನೀರು ತಾನಾಗಿಯೇ ಹರಿದು ತೋಟದಲ್ಲಿ ಹೊರಬರುವಂತೆ ಮಾಡಿದರು. ಎತ್ತು ಬೇಡ, ಏತ ಬೇಡ. ನಿಮಗೆ ಇದು ಎಲ್ಲೋ ಕೇಳಿದ ಹಾಗೆ ಅನ್ನಿಸಿದರೆ ಸರಿಯೇ. ಬೀದರಿನ ನೌಬಾದಿನಲ್ಲಿರುವ ಬಹಮನಿ ಕಾಲದ ಕರೇಜ್ ಇದೇ ಕುಟುಂಬದ್ದು. ಕಾಸರಗೋಡು, ಪುತ್ತೂರು ಕಡೆಯ ಗುಡ್ಡಗಳಲ್ಲಿ ಕೊರೆಯುವ ಸುರಂಗಗಳೂ ಇದೇ ಉಪಾಯದವು. ಫಲಜ್ ನೀರನ್ನು ಹೊತ್ತಿನ ಲೆಕ್ಕದಲ್ಲಿ ಹಂಚುತ್ತಿದ್ದರು. ಯಾರ ತೋಟಕ್ಕೆ ಯಾವಾಗ, ಎಷ್ಟು ಹೊತ್ತು ಎಂದು ನೋಡಿಕೊಳ್ಳುವ ಯಜಮಾನ ಒಬ್ಬನಿರುತ್ತಿದ್ದ. ಅಂದರೆ ಖರ್ಜೂರ ಒಂದು ಬೆಳೆ ಮಾತ್ರ ಆಗಿರಲಿಲ್ಲ. ಅದನ್ನು ಬದುಕಿಸಲು ಒಂದು ಆಡಳಿತವೇ ಬೇಕಿತ್ತು. ಅಲ್ ಐನ್‌ನ ಈ ತಾಣಗಳಿಗೂ ಓಯಸಿಸ್‌ಗಳಿಗೂ 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು.

ಕರಾವಳಿಯಲ್ಲಿ ಇದ್ದವರಿಗೂ ಖರ್ಜೂರ ಇಲ್ಲದೆ ನಡೆಯುತ್ತಿರಲಿಲ್ಲ. ಬೇಸಿಗೆಯಲ್ಲಿ ಗಂಡಸರು ಮುತ್ತಿನ ದೋಣಿ ಹತ್ತುತ್ತಿದ್ದರು. ಅದೇ ಬೇಸಿಗೆಯಲ್ಲಿ ಲಿವಾದಲ್ಲಿ, ಅಲ್ ಐನ್‌ನಲ್ಲಿ ಹಣ್ಣು ಮಾಗುತ್ತಿತ್ತು. ಎಷ್ಟೋ ಕುಟುಂಬಗಳು ಸೆಖೆ ತಪ್ಪಿಸಿಕೊಳ್ಳಲೂ ಕೊಯ್ಲಿಗೂ ಒಳನಾಡಿನ ತೋಟಗಳಿಗೆ ಹೋಗುತ್ತಿದ್ದವು. ಖರ್ಜೂರವನ್ನು ಚೀಲಗಳಲ್ಲಿ ಒಟ್ಟಿ ಅದರ ಭಾರಕ್ಕೇ ಪಾಕ ಇಳಿಸುವ ಕೋಣೆಗೆ ಮದ್ಬಸಾ ಅಂತಾರೆ. ಗರಿಗಳಿಂದ ಗೋಡೆ, ಚಾವಣಿ, ಚಾಪೆ, ಬುಟ್ಟಿ. ಪೂರ್ವ ಕರಾವಳಿಯಲ್ಲಿ ಗರಿಯ ದಿಂಡುಗಳನ್ನೇ ಕಟ್ಟಿ ಶಾಶಾ ಎಂಬ ಮೀನುದೋಣಿಯನ್ನೂ ಮಾಡುತ್ತಿದ್ದರು. ನಮ್ಮ ಕರಾವಳಿಯವರು ತೆಂಗನ್ನು ಕಲ್ಪವೃಕ್ಷ ಅನ್ನುವಾಗ ಏನೆಲ್ಲಾ ಎಣಿಸುತ್ತಾರೋ ಅದನ್ನೆಲ್ಲಾ ಇಲ್ಲಿನವರು ಖರ್ಜೂರದಲ್ಲಿ ಎಣಿಸಬಹುದಿತ್ತು.

ಘಾಫ್ ಮರಕ್ಕೆ ಇಂಥ ಇತಿಹಾಸ ಬರೆಯುವುದು ಕಷ್ಟ. ಯಾರೂ ನೆಡಲಿಲ್ಲ, ನೀರು ಹಂಚಲಿಲ್ಲ, ಲೆಕ್ಕ ಇಡಲಿಲ್ಲ. ಅದು ದಾರಿಯಲ್ಲಿ ಸಿಗುವ ನೆರಳು, ಒಂಟೆಗೆ ಮೇವು, ಸೌದೆ, ಜೇನು. ಎಳೆ ಎಲೆಯನ್ನು ಜನರೂ ತಿನ್ನುತ್ತಿದ್ದರು. ಅದರ ಗುರುತು ಉಳಿದಿರೋದು ಊರ ಹೆಸರುಗಳಲ್ಲಿ. ಅಲ್ ಐನ್ ಹತ್ತಿರ ಉಮ್ಮ್ ಘಾಫಾ ಎಂಬ ಊರಿದೆ. ಹುಣಸೂರು, ಆಲದಹಳ್ಳಿ, ಹಲಸೂರು ಅಂತ ನಾವು ಹೇಳೋದು ಇದೇ ಥರ ತಾನೆ?

ಅದಕ್ಕೆ ಕಥೆ, ಪೂಜೆ ಸಿಕ್ಕಿದ್ದು ಸಮುದ್ರದ ಈಚೆ ಬದಿಯಲ್ಲಿ, ನಮ್ಮಲ್ಲಿ. ಮಹಾಭಾರತದ ವಿರಾಟಪರ್ವದಲ್ಲಿ ಪಾಂಡವರು ಅಜ್ಞಾತವಾಸಕ್ಕೆ ಹೋಗುವ ಮುಂಚೆ ಆಯುಧಗಳನ್ನು ಕಟ್ಟಿ ಇಟ್ಟದ್ದು ಊರಾಚೆಯ ಶಮೀವೃಕ್ಷದ ಮೇಲೆ. ಯಾರೂ ಹತ್ತಿರ ಸುಳಿಯಬಾರದು ಅಂತ ಹೆಣವೊಂದನ್ನೂ ಕಟ್ಟಿದ್ದರಂತೆ. ಒಂದು ವರ್ಷ ಕಳೆದು ಬಂದಾಗ ಎಲ್ಲವೂ ಹಾಗೇ ಇತ್ತು. ಬಿಸಿಲು, ಬರ ಯಾವುದಕ್ಕೂ ಜಗ್ಗದೆ ನಿಲ್ಲುವ ಮರವನ್ನು ಆರಿಸಿಕೊಂಡದ್ದು ಕಥೆ ಹೇಳಿದವರ ಲೋಕಜ್ಞಾನ ಅಂತ ನನಗೆ ಅನ್ನಿಸುತ್ತದೆ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಈ ಮರಗಳನ್ನು ಕಡಿಯಲು ರಾಜನ ಆಳುಗಳು ಬಂದಾಗ ಅಮೃತಾ ದೇವಿಯೂ ಇತರ ಬಿಷ್ಣೋಯಿಗಳೂ ಮರ ಅಪ್ಪಿಕೊಂಡು ಪ್ರಾಣ ಕೊಟ್ಟರು. ಸತ್ತವರು 363 ಮಂದಿ ಎಂಬುದು ಆ ಸಮುದಾಯ ಕಾಪಾಡಿಕೊಂಡು ಬಂದ ಲೆಕ್ಕ.

ಹಾಗಾದರೆ ಖರ್ಜೂರಕ್ಕೆ ನಮ್ಮಲ್ಲಿ ಯಾರಿದ್ದಾರೆ? ಈಚಲು ಇದೆ. ಫೀನಿಕ್ಸ್ ಕುಲದಲ್ಲೇ ಖರ್ಜೂರದ ಹತ್ತಿರದ ತಂಗಿ, ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುವ ಮರ. ಹಣ್ಣು ಸಣ್ಣದು, ಬರೀ ಬೀಜ. ಚಾಪೆಗೆ, ಪೊರಕೆಗೆ ಗರಿ, ಮತ್ತೆ ಹೆಂಡ. ಈ ಅಕ್ಕತಂಗಿಯರ ಹಣೆಬರಹ ಎಷ್ಟು ಬೇರೆ ನೋಡಿ. ಸುಮಾರು 3700 ವರ್ಷಗಳ ಹಿಂದಿನ ಬ್ಯಾಬಿಲೋನಿನಲ್ಲಿ ಹಮ್ಮುರಾಬಿಯ ಕಾನೂನು ಇನ್ನೊಬ್ಬರ ತೋಟದ ಮರ ಕಡಿದವನಿಗೆ ಅರ್ಧ ಮಿನಾ ಬೆಳ್ಳಿ ದಂಡ ಹಾಕುತ್ತಿತ್ತು. ಆ ಸೀಮೆಯ ತೋಟ ಅಂದರೆ ಮುಖ್ಯವಾಗಿ ಖರ್ಜೂರದ ತೋಟ. ನಮ್ಮ ಚಿತ್ರದುರ್ಗದ ತುರುವನೂರಿನಲ್ಲಿ 1939ರಲ್ಲಿ ಜನ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದರು. ಎಸ್. ನಿಜಲಿಂಗಪ್ಪನವರ ಹೆಸರು ಆ ಹೋರಾಟದ ಜೊತೆ ಸೇರಿಕೊಂಡಿದೆ. ಹೆಂಡದ ಆದಾಯ ಸರ್ಕಾರಕ್ಕೆ, ಕುಡಿತ ಜನಕ್ಕೆ ಎಂಬ ಸಿಟ್ಟು ಮರದ ಮೇಲೆ ಬಿತ್ತು. ಅಕ್ಕನನ್ನು ಕಡಿದರೆ ಅಪರಾಧ, ತಂಗಿಯನ್ನು ಕಡಿದರೆ ದೇಶಸೇವೆ. ಪಾಪದ ಮರ ಏನು ಮಾಡಿತ್ತು ಅಂತ ಕೇಳಬೇಡಿ, ಅದಕ್ಕೆ ಉತ್ತರ ಇಲ್ಲ.

ಅಂದರೆ ಕರ್ನಾಟಕದಲ್ಲಿ ಬನ್ನಿಗೆ ಪೂಜೆ, ಈಚಲಿಗೆ ಕೊಡಲಿ. ಇಲ್ಲಿ ಖರ್ಜೂರಕ್ಕೆ ಗೌರವ, ಘಾಫ್ ಬರೀ ದಾರಿಬದಿಯ ಮರ. ಈ ಲೆಕ್ಕ ಬದಲಾದದ್ದು ತೀರಾ ಈಚೆಗೆ.

ಶೇಖ್ ಝಾಯೆದ್ 1946ರಲ್ಲಿ ಅಲ್ ಐನ್ ಪ್ರಾಂತ್ಯದ ಹೊಣೆ ಹೊತ್ತಾಗ ಅವರ ಮುಂದಿದ್ದ ದೊಡ್ಡ ಕೆಲಸ ಹೂಳು ತುಂಬಿದ ಫಲಜ್‌ಗಳನ್ನು ಸರಿಪಡಿಸುವುದು. ಹಳೆಯವನ್ನು ತೆಗೆಸಿದರು, ಅಲ್ ಸರೂಜ್ ಎಂಬ ಹೊಸದನ್ನು ತೋಡಿಸಿದರು, ಉಳ್ಳವರ ಕೈಯಲ್ಲಿದ್ದ ನೀರಿನ ಹಕ್ಕನ್ನು ಸಡಿಲಿಸಿದರು. 1966ರಲ್ಲಿ ಅವರು ಅಬುಧಾಬಿಯ ಆಡಳಿತಗಾರರಾದರು, 1971ರಲ್ಲಿ ದೇಶ ಹುಟ್ಟಿತು, ಎಣ್ಣೆಯ ಹಣ ಬಂತು. ಮರಳನ್ನು ಹಸಿರು ಮಾಡುವ ಕೆಲಸ ದೊಡ್ಡದಾಗಿ ಶುರುವಾಯಿತು. ಆದರೆ ಅದೇ ಹೊತ್ತಿಗೆ ಪಂಪ್ ಕೂಡ ಬಂತು. ಫಲಜ್ ಮತ್ತು ಪಂಪಿನ ನಡುವೆ ಒಂದು ಮುಖ್ಯ ವ್ಯತ್ಯಾಸ ಇದೆ. ಫಲಜ್ ತಾನಾಗಿ ಹರಿದು ಬಂದಷ್ಟನ್ನೇ ಕೊಡುತ್ತದೆ. ಪಂಪ್ ಕೇಳಿದಷ್ಟು ಕೊಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೋರ್‌ವೆಲ್ ಕಥೆ ಅವರ ಮನೆಯದೇ. ವರ್ಷಕ್ಕೆ ಸರಾಸರಿ 100 ಮಿಲಿಮೀಟರ್ ಮಳೆಯೂ ಕಷ್ಟದಲ್ಲಿ ಬೀಳುವ ನೆಲದಲ್ಲಿ ಖರ್ಜೂರದ ಮರಗಳು ಕೋಟಿಗಳ ಲೆಕ್ಕಕ್ಕೆ ಏರಿದವು, ನೀರಿನ ಮಟ್ಟ ಇಳಿಯಿತು. ಅಲ್ ಐನ್ ಓಯಸಿಸ್‌ನ ಕಾಲುವೆಗಳಲ್ಲಿ ಈಗಲೂ ನೀರು ಹರಿಯುತ್ತದೆ. ಆದರೆ ಅದರ ಹಿಂದೆ ಇರೋದು ಪಂಪು.

ಖರ್ಜೂರಕ್ಕೆ ಇದರಿಂದ ತಕ್ಷಣದ ತೊಂದರೆ ಆಗಲಿಲ್ಲ. ನೀರು ಎಲ್ಲಿಂದಾದರೂ ತಂದುಕೊಡಲು ಮನುಷ್ಯ ಇದ್ದಾನೆ. ಅದಕ್ಕೆ ಬಂದ ತೊಂದರೆ ಬೇರೆ. 1980ರ ದಶಕದಲ್ಲಿ ಕೊಲ್ಲಿ ದೇಶಗಳಿಗೆ ಕೆಂಪು ಮೂತಿ ಹುಳು ಬಂತು. ನಮ್ಮ ತೆಂಗಿನ ತೋಟದವರಿಗೆ ಚಿರಪರಿಚಿತ ಶತ್ರು, ದಕ್ಷಿಣ ಏಷ್ಯಾದ ಮೂಲನಿವಾಸಿ, ಸಸಿಗಳ ಒಳಗೆ ಅಡಗಿ ವೀಸಾ ಇಲ್ಲದೆ ಬಂದಿದ್ದು. ಕಾಂಡದ ಒಳಗೆ ಕೊರೆದು ಸುಳಿ ಕೊಲ್ಲುತ್ತದೆ. ಕಂದು ಸಾಗಿಸುವ ಪದ್ಧತಿಯೇ ಅದರ ವಾಹನವಾಯಿತು.

ಘಾಫ್ ವಿಷಯ ಹಾಗಲ್ಲ. ಅದು ನಂಬಿದ್ದು ನೆಲದಡಿಯ ನೀರನ್ನು ಮಾತ್ರ. ಮಳೆ ತಪ್ಪಿದರೂ ತಡೆಯಿತು, ಒಂಟೆ ಮೇಯ್ದರೂ ತಡೆಯಿತು. ಬೇರಿಗಿಂತ ವೇಗವಾಗಿ ನೀರು ಕೆಳಗಿಳಿದರೆ ತಡೆಯುವ ಉಪಾಯ ಅದಕ್ಕೆ ಗೊತ್ತಿಲ್ಲ. ಜೊತೆಗೆ ಪೈಪೋಟಿಗೆ ಬಂದದ್ದು ಅಮೆರಿಕ ಖಂಡದ ಮುಳ್ಳುಪೊದೆ. ನಮ್ಮಲ್ಲಿ ಅದನ್ನು ಬಳ್ಳಾರಿ ಜಾಲಿ ಅಂತಾರೆ, ಇಲ್ಲಿ ಘುವೈಫ್, ಅಂದರೆ ಪುಟ್ಟ ಘಾಫ್. ಹಸಿರು ಬೇಗ ಬರಲಿ ಎಂದು ಎರಡೂ ದೇಶಗಳಲ್ಲಿ ನೆಟ್ಟರು, ಎರಡೂ ಕಡೆ ಕೈಮೀರಿತು. ಸಸ್ಯಶಾಸ್ತ್ರಜ್ಞರು ಬಹಳ ಕಾಲ ಅದನ್ನೂ ಬನ್ನಿಯನ್ನೂ ಒಂದೇ ಕುಲದಲ್ಲಿ ಇಟ್ಟಿದ್ದರು. 2022ರಲ್ಲಿ ಆ ಕುಲವನ್ನು ಒಡೆದಾಗ ಜಾಲಿ ನೆಲ್ಟುಮಾ ಎಂಬ ಹೆಸರಿನಡಿ ಬೇರೆ ಮನೆ ಮಾಡಿತು, ಬನ್ನಿ ಪ್ರೊಸೊಪಿಸ್ ಆಗಿಯೇ ಉಳಿಯಿತು.

ಇಷ್ಟರ ನಡುವೆ 2008ರಲ್ಲಿ ಘಾಫ್ ಈ ದೇಶದ ರಾಷ್ಟ್ರೀಯ ಮರವಾಯಿತು. 2019ನ್ನು ಸಹಿಷ್ಣುತೆಯ ವರ್ಷ ಎಂದು ಆಚರಿಸಿದಾಗ ಲಾಂಛನವಾಗಿ ಬಂದದ್ದೂ ಅದೇ. ಆ ವರ್ಷವೇ ಖರ್ಜೂರದ ಕೃಷಿ ಪರಂಪರೆ ಯುನೆಸ್ಕೊದ ಪಟ್ಟಿ ಸೇರಿತು. ಗೌರವ ಸಿಕ್ಕಿದ್ದು ಒಳ್ಳೆಯದೇ, ಕಡಿಯುವವರ ಕೈ ಸ್ವಲ್ಪ ಹಿಂದೆ ಸರಿಯುತ್ತದೆ. ಆದರೆ ಸಹಿಷ್ಣುತೆ ಎಂಬ ಮಾತಿನ ಬಗ್ಗೆ ನನಗೊಂದು ತಕರಾರಿದೆ. ಏನು ಮಾಡಿದರೂ ಸಹಿಸಿಕೊಳ್ಳುತ್ತದೆ ಅಂತ ಒಂದು ಮರವನ್ನು ಹೊಗಳಿದರೆ ಅದಕ್ಕೆ ಏನು ಬೇಕು ಅಂತ ಕೇಳೋದನ್ನು ಮರೆಯುತ್ತೇವೆ.

ನೋಡಬೇಕು ಅನ್ನಿಸಿದರೆ ದುಬೈನ ಮುಶ್ರಿಫ್ ಪಾರ್ಕಿಗೆ ಹೋಗಿ. ನೆಟ್ಟದ್ದಲ್ಲದ, ತಾನಾಗಿ ಬೆಳೆದ ಘಾಫ್ ಮರಗಳು ಅಲ್ಲಿವೆ. ಮಾರ್ಚ್ ಕಳೆದ ಮೇಲೆ ಹೋದರೆ ಹೂವೂ ಸಿಗಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ. ದಪ್ಪ ಮುಳ್ಳಿನ, ಹಳದಿ ದಪ್ಪ ಕಾಯಿಯ ಪೊದೆ ಕಂಡರೆ ಅದು ಜಾಲಿ. ಬೂದು ಛಾಯೆಯ ಸಣ್ಣ ಎಲೆ, ತೆಳ್ಳಗಿನ ಉದ್ದ ಕಾಯಿ ಇದ್ದರೆ ಬನ್ನಿ. ದಸರೆಗೆ ಎಲೆ ಬೇಕು ಅಂತ ಕೊಂಬೆ ಮಾತ್ರ ಮುರಿಯಬೇಡಿ, ಉದುರಿದ್ದು ಎರಡು ಸಿಕ್ಕರೆ ಸಾಕು. ಆಮೇಲೆ ಹೆದ್ದಾರಿಯ ಬದಿಗೆ ಈಚೆಗೆ ನೆಟ್ಟಿರುವ ಘಾಫ್ ಸಾಲುಗಳ ಬುಡವನ್ನೂ ಒಮ್ಮೆ ಬಗ್ಗಿ ನೋಡಿ. ಅವಕ್ಕೂ ಈಗ ಖರ್ಜೂರದ ಹಾಗೇ ಕಪ್ಪು ಪೈಪ್ ಇದೆ. ಹನಿ ನೀರು ಮೇಲಿಂದಲೇ ಸಿಗುವುದರಿಂದ ಅವುಗಳ ಬೇರು ಇನ್ನೂ ಆಳಕ್ಕೆ ಇಳಿದಿಲ್ಲ.